ವೈರ್ ಇಲ್ಲದ ಕೀಬೋರ್ಡ್ ಯಾರ್ಯಾರಿಗೆ ಕೇಳಿಸ್ತದೆ?

ಮಕ್ಕಳೇ, ಈ ವರ್ಷ ನಮ್ಮ ಶಾಲೆಯ ಆಫೀಸಿಗೆ ಒಂದು ವೈರ್‌ಲೆಸ್ ಕೀಬೋರ್ಡ್ ಬಂತು. ನೋಡಲಿಕ್ಕೆ ಚಂದ, ಮೇಜಿನ ಮೇಲೆ ವೈರಿನ ರಗಳೆ ಇಲ್ಲ. ಹಾಜರಿ ಪುಸ್ತಕ ಕೊಡಲು ಬಂದ ಒಂಬತ್ತನೆಯ ತರಗತಿಯ ಹುಡುಗನೊಬ್ಬ ಅದನ್ನು ನೋಡಿ, "ಸರ್, ವೈರ್ ಇಲ್ಲದೆ ಅಕ್ಷರ ಹೇಗೆ ಹೋಗ್ತದೆ?" ಅಂತ ಕೇಳಿದ. ರೇಡಿಯೋ ಅಲೆಗಳ ಮೂಲಕ ಅಂದೆ. ಅವನು ಬಿಡಲಿಲ್ಲ. "ಹಾಗಾದ್ರೆ ಆಚೆ ಕೋಣೆಯವರಿಗೂ ಸಿಗಬಹುದಲ್ಲಾ?"

ಸಿಗಬಹುದು. ಕೀಬೋರ್ಡ್ ಕೊಳ್ಳುವ ಮೊದಲೇ ನಾವು ದೊಡ್ಡವರು ಕೇಳಬೇಕಿದ್ದ ಪ್ರಶ್ನೆ ಅದು.

ಇಂಥ ಕೀಬೋರ್ಡುಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ಆವೃತ್ತಿಯಲ್ಲಿ ಕೆಲಸ ಮಾಡುತ್ತವೆ. ಬೆಳಕಿನ ವೇಗವನ್ನು ಆ ಆವೃತ್ತಿಯಿಂದ ಭಾಗಿಸಿ ನೋಡಿ, ತರಂಗದೂರ 12.5 ಸೆಂಟಿಮೀಟರ್ ಬರ್ತದೆ. ವೈಫೈ ಕೂಡ ಇದೇ ಆವೃತ್ತಿಯನ್ನು ಬಳಸುತ್ತದೆ, ಅದು ಗೋಡೆ ದಾಟಿ ಬರುವುದು ನಿಮಗೆ ಗೊತ್ತೇ ಉಂಟು. ಕಂಪ್ಯೂಟರಿಗೆ ಚುಚ್ಚಿದ ಆ ಚಿಕ್ಕ ಡಾಂಗಲ್ಲಿಗೆ ಮಾತ್ರ ಹೋಗು ಅಂತ ಅಲೆಗೆ ಹೇಳಲಿಕ್ಕೆ ಆಗುವುದಿಲ್ಲ. ಅದು ಎಲ್ಲ ಕಡೆಗೂ ಹೋಗ್ತದೆ. ಹಾಗಾಗಿ ಅಲೆ ಸಿಕ್ಕಿದವರಿಗೆ ಅದರೊಳಗಿನ ಅಕ್ಷರ ಅರ್ಥ ಆಗ್ತದಾ ಅನ್ನುವುದೇ ಮುಖ್ಯ. ಅರ್ಥ ಆಗದ ಹಾಗೆ ಅಕ್ಷರವನ್ನು ಗುಟ್ಟಿನ ಸಂಕೇತಕ್ಕೆ ಬದಲಿಸಿ ಕಳಿಸುವುದಕ್ಕೆ ಎನ್‌ಕ್ರಿಪ್ಷನ್ ಅಂತ ಹೆಸರು.

2016ರಲ್ಲಿ ಅಮೆರಿಕದ ಬಾಸ್ಟಿಲ್ ಎಂಬ ಸಂಸ್ಥೆಯವರು 12 ಕಂಪೆನಿಗಳ ಅಗ್ಗದ ಕೀಬೋರ್ಡುಗಳನ್ನು ಪರೀಕ್ಷಿಸಿದರು. ಅವುಗಳಲ್ಲಿ 8 ಕಂಪೆನಿಗಳ ಕೀಬೋರ್ಡುಗಳು ಒತ್ತಿದ ಅಕ್ಷರವನ್ನು ಯಾವ ಎನ್‌ಕ್ರಿಪ್ಷನ್ನೂ ಇಲ್ಲದೆ ಹಾಗೇ ಕಳಿಸುತ್ತಿದ್ದವು. ಸುಮಾರು 75 ಮೀಟರ್ ದೂರದಿಂದ ಅದನ್ನು ಓದಬಹುದಿತ್ತು. ಅಂದರೆ ನಮ್ಮ ಆಫೀಸಿನಿಂದ ಗೇಟು ದಾಟಿ ರಸ್ತೆಯವರೆಗೆ! ಅದೇ ವರ್ಷ ಇನ್ನೊಂದು ದೋಷವನ್ನೂ ಅವರು ತೋರಿಸಿದರು. ಹೊರಗಿನವರು ಮೌಸಿನ ವೇಷದಲ್ಲಿ ಡಾಂಗಲ್ಲಿಗೆ ಸಂಕೇತ ಕಳಿಸಿ, ನೀವು ಒತ್ತದ ಅಕ್ಷರಗಳನ್ನು ನಿಮ್ಮ ಕಂಪ್ಯೂಟರಿನಲ್ಲಿ ಒತ್ತಬಹುದು.

ಎನ್‌ಕ್ರಿಪ್ಷನ್ ಉಂಟು ಅಂದ ಮಾತ್ರಕ್ಕೂ ಸಾಕಾಗುವುದಿಲ್ಲ. 27 ಮೆಗಾಹರ್ಟ್ಸ್‌ನ ಕೆಲವು ಹಳೆಯ ಕೀಬೋರ್ಡುಗಳ ಗುಟ್ಟಿನ ಕೀಲಿ ಒಂದೇ ಒಂದು ಬೈಟ್. 8 ಬಿಟ್ ಅಂದರೆ ಎಷ್ಟು ಸಾಧ್ಯತೆ? 2ರ ಘಾತ 8, ಒಟ್ಟು 256. ಕಂಪ್ಯೂಟರಿಗೆ ಅದು ಕಣ್ಣು ಮಿಟುಕಿಸುವಷ್ಟೂ ಹೊತ್ತಿನ ಕೆಲಸವಲ್ಲ. ಈಗಿನ ಒಳ್ಳೆಯ ಕೀಬೋರ್ಡುಗಳಲ್ಲಿ 128 ಬಿಟ್‌ನ ಎಇಎಸ್ ಇರುತ್ತದೆ. 2ರ ಘಾತ 128 ಎಷ್ಟಾಗ್ತದೆ ಅಂತ ನೀವೇ ಬರೆದು ನೋಡಿ, 39 ಅಂಕೆಗಳ ಸಂಖ್ಯೆ ಬರಬೇಕು.

ಇದನ್ನೆಲ್ಲ ಸ್ಟಾಫ್ ರೂಮಿನಲ್ಲಿ ಹೇಳಿದಾಗ ಸಹೋದ್ಯೋಗಿಯೊಬ್ಬರು ನಕ್ಕರು. "ನಮ್ಮ ಶಾಲೆಯ ಗುಟ್ಟು ಕದಿಯಲಿಕ್ಕೆ ಯಾರು ಬರ್ತಾರೆ ಮಾರಾಯ್ರೆ? ಪಾಸ್‌ವರ್ಡ್ ಮಾನಿಟರಿಗೇ ಅಂಟಿಸಿದ್ದಾರಲ್ಲ!" ಅದು ನಿಜ, ಚೀಟಿ ಅಲ್ಲೇ ಇತ್ತು. ನಾನೇ ಕಿತ್ತು ಹರಿದೆ. ಆದರೆ ಚೀಟಿ ಕಣ್ಣಿಗೆ ಕಾಣ್ತದೆ, ಅಲೆ ಕಾಣುವುದಿಲ್ಲ. ಹೊರಗೆ ಯಾರಾದರೂ ಕದ್ದು ಕೇಳಿದರೆ ನಮಗೆ ಗೊತ್ತೂ ಆಗುವುದಿಲ್ಲ. ಆ ಕಂಪ್ಯೂಟರಿನಲ್ಲಿ ಇರುವುದಾದರೂ ಏನು? ನಿಮ್ಮ ಅಂಕಗಳು, ಆಧಾರ್ ಸಂಖ್ಯೆ, ಸ್ಕಾಲರ್‌ಶಿಪ್ ಬರುವ ಬ್ಯಾಂಕ್ ಖಾತೆ. ನಿಮ್ಮನ್ನು ಕೇಳದೆ ಅದನ್ನು ಗಾಳಿಗೆ ಬಿಡುವ ಹಕ್ಕು ನಮಗಿಲ್ಲ ಅಂತ ನನ್ನ ಅಭಿಪ್ರಾಯ.

ಸ್ಮಾರ್ಟ್ ಕ್ಲಾಸಿನಲ್ಲಿ ಪಾಠದ ಚಿತ್ರ ತೋರಿಸಲು ವೈರ್‌ಲೆಸ್ ಇರಲಿ, ನನ್ನದೇನೂ ತಕರಾರಿಲ್ಲ. ಪಾಸ್‌ವರ್ಡ್ ಒತ್ತುವಲ್ಲಿ ವೈರಿನದ್ದೇ ಬೇಕು. ವೈರಿನ ಕೀಬೋರ್ಡಿನಿಂದಲೂ ಸಣ್ಣ ಪ್ರಮಾಣದ ಅಲೆ ಹೊರಡುತ್ತದೆ, ಸ್ವಿಟ್ಜರ್ಲೆಂಡಿನ ಸಂಶೋಧಕರು 2009ರಲ್ಲಿ ಅದನ್ನೂ ಹಿಡಿದು ತೋರಿಸಿದ್ದಾರೆ. ಆದರೆ ಅದು ಅಷ್ಟು ಸುಲಭದ ಕೆಲಸವಲ್ಲ.

ಈಗ ಆಫೀಸಿನ ಮೇಜಿಗೆ ಲ್ಯಾಬಿನ ಹಳೆಯ ಕೀಬೋರ್ಡ್ ವಾಪಸ್ ಬಂದಿದೆ. ಅದರ ಸ್ಪೇಸ್ ಬಾರ್ ಸ್ವಲ್ಪ ಗಟ್ಟಿ. ಕ್ಲರ್ಕ್ ದಿನಾ ನನ್ನನ್ನು ಬೈತಾರೆ. ಆ ಹುಡುಗನ ಹೆಸರು ನಾನಿನ್ನೂ ಅವರಿಗೆ ಹೇಳಿಲ್ಲ.