ಲಾಂಚಿನ ಕೊನೆಯ ಟ್ರಿಪ್ಪು

ಕಾಲೇಜು ದಿನಗಳ ಒಂದು ರಜೆಯಲ್ಲಿ ನಾನೂ ಗೆಳೆಯನೂ ಸಾಗರದಿಂದ ಬಸ್ಸು ಹಿಡಿದು ಸಿಗಂದೂರಿಗೆ ಹೊರಟೆವು. ಬುತ್ತಿ ಮನೆಯದೇ, ಖರ್ಚು ಟಿಕೆಟ್ಟಿನದಷ್ಟೇ. ಅಂಬಾರಗೋಡ್ಲಿನಲ್ಲಿ ಶರಾವತಿ ಹಿನ್ನೀರು ದಾಟಲು ಲಾಂಚು ಹತ್ತಿದೆವು.

“ಸಂಜೆ ಕೊನೆಯ ಟ್ರಿಪ್ಪು ತಪ್ಪಿದ್ರೆ ಮಜಾ ಅಲ್ವೇನೋ?” ಎಂದ ಗೆಳೆಯ.

ಪಕ್ಕದಲ್ಲಿದ್ದ ತುಮರಿಯ ಅಜ್ಜಿ ನಕ್ಕರು: “ನಿಮಗೆ ಮಜಾ, ತಮ್ಮಾ. ರಾತ್ರಿ ಹೆರಿಗೆ ನೋವು ಬಂದ್ರೆ ನಾವು ಬೆಳಗಾಗೋದನ್ನೇ ಕಾಯ್ಬೇಕು.”

ಇಬ್ಬರೂ ಸುಮ್ಮನಾದೆವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ನಾಡಿಗೆ ಬೆಳಕು ಬಂತು; ಇವರ ದಾರಿ ಮುಳುಗಿತು.

2025ರ ಜುಲೈನಲ್ಲಿ ಅಲ್ಲಿ ಸೇತುವೆ ಉದ್ಘಾಟನೆಯಾದ ಸುದ್ದಿ ಓದಿದಾಗ ಅಜ್ಜಿ ನೆನಪಾದರು.

ಪಾಲಕರೇ, ರಜೆಯಲ್ಲಿ ಮಕ್ಕಳನ್ನು ಬಸ್ಸಿನಲ್ಲೇ ಕಳಿಸಿ. ಕಾರಿನ ಗಾಜು ಏರಿಸಿಕೊಂಡು ಹೋಗಿದ್ದರೆ ನಮಗೆ ಆ ಅಜ್ಜಿ ಸಿಗುತ್ತಿರಲಿಲ್ಲ.