ಗುರಿ ಇರಲಿ, ಗುಂಡಿಗೊಂದು ಕಟ್ಟಳೆಯೂ ಇರಲಿ

ಬಂದೂಕು ಎಂದರೆ ಸಾಕು, ಕೊಳ್ಳೇಗಾಲ ಸೀಮೆಯ ಜನಕ್ಕೆ ಮೊದಲು ನೆನಪಾಗುವುದು ಕಾಡುಗಳ್ಳ. 1992ರಲ್ಲಿ ರಾಮಾಪುರ ಪೊಲೀಸ್ ಠಾಣೆಯ ಮೇಲೆ ನಡೆದ ದಾಳಿ, ಅದೇ ವರ್ಷ ಮೀಣ್ಯಂ ಬಳಿ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್ಸ್‌ಪೆಕ್ಟರ್ ಶಕೀಲ್ ಅಹಮದ್ ಬಲಿಯಾದದ್ದು, ಬೆಟ್ಟದ ದಾರಿ ಎಂದರೆ ಎದೆ ಡವಗುಟ್ಟುತ್ತಿದ್ದ ಆ ದಿನಗಳು ಇವೆಲ್ಲ ಹಳಬರಿಗೆ ಇನ್ನೂ ನಿನ್ನೆ ಮೊನ್ನೆಯಂತಿವೆ. 2004ರ ಅಕ್ಟೋಬರ್ 18ಕ್ಕೆ ವೀರಪ್ಪನ್ ಕಥೆ ಮುಗಿಯಿತು. ಈಗ ಹನೂರು ಬಸ್ಸಿನಲ್ಲಿ ಕೂತ ಹುಡುಗರಿಗೆ ಅದೆಲ್ಲ ಅಜ್ಜ ಹೇಳುವ ಕಥೆ.

ಕಾಡುಗಳ್ಳನೇನೋ ಹೋದ. ಬಂದೂಕು ಮಾತ್ರ ಊರು ಬಿಟ್ಟು ಹೋಗಿಲ್ಲ. ಕಾಡಂಚಿನಲ್ಲಿ ಬೆಳೆ ರಕ್ಷಣೆಗೆಂದು ಲೈಸೆನ್ಸ್ ಪಡೆದ ಬಂದೂಕುಗಳಿವೆ. ಲೆಕ್ಕಕ್ಕೆ ಸಿಗದ ನಾಡ ಬಂದೂಕುಗಳ ವಿಷಯ ಠಾಣೆಯವರಿಗೂ ಗೊತ್ತು, ಅರಣ್ಯ ಇಲಾಖೆಯವರಿಗೂ ಗೊತ್ತು. ಲೈಸೆನ್ಸ್ ಕೊಡುವವರಿದ್ದಾರೆ. ಚುನಾವಣೆ ಬಂದಾಗ 'ತಂದು ಠಾಣೆಗೆ ಒಪ್ಪಿಸು' ಎನ್ನುವವರಿದ್ದಾರೆ. ತಪ್ಪಿದರೆ ಕೇಸು ಹಾಕುವವರೂ ಇದ್ದಾರೆ. ಹಿಡಿಯುವುದು ಹೇಗೆ, ಇಡುವುದು ಎಲ್ಲಿ, ಖಾಲಿ ಮಾಡುವುದು ಯಾವಾಗ ಎಂದು ಕಲಿಸಿಕೊಡುವವರು ಯಾರು ಸ್ವಾಮಿ? ಇಂದು ನಾವು ಎತ್ತುತ್ತಿರುವುದು ಈ ಪ್ರಶ್ನೆ.

ಇದಕ್ಕೆ ಉತ್ತರ ಹುಡುಕಲು ಸ್ವಲ್ಪ ದೂರದ ಒಂದು ಆಟದ ಕಡೆ ನೋಡೋಣ. ಅಮೆರಿಕ ಮುಂತಾದ ಕಡೆ ಊರೂರಿನ ಕ್ಲಬ್ಬುಗಳಲ್ಲಿ 'ಮಲ್ಟಿ ಗನ್' ಎಂಬ ಪಂದ್ಯ ನಡೆಯುತ್ತದೆ. ಒಬ್ಬನೇ ಆಟಗಾರ, ಬಂದೂಕು ಮೂರು: ರೈಫಲ್, ಚರೆ ಹಾರಿಸುವ ಬಂದೂಕು, ಪಿಸ್ತೂಲು. ಗುರಿಗಳನ್ನು ಅಲ್ಲಲ್ಲಿ ನಿಲ್ಲಿಸಿರುತ್ತಾರೆ. ಗಡಿಯಾರ ಕೂಗಿದ ಕೂಡಲೇ ಆಟಗಾರ ಓಡಬೇಕು, ಹೊಡೆಯಬೇಕು, ಒಂದನ್ನು ಇಟ್ಟು ಇನ್ನೊಂದನ್ನು ಎತ್ತಿಕೊಳ್ಳಬೇಕು. ಎಷ್ಟು ಸೆಕೆಂಡಿನಲ್ಲಿ ಮುಗಿಸಿದ ಎಂಬುದೇ ಲೆಕ್ಕ. ಗುರಿ ತಪ್ಪಿದರೆ ದಂಡವಾಗಿ ಇನ್ನಷ್ಟು ಸೆಕೆಂಡು ಸೇರಿಸುತ್ತಾರೆ. ಕ್ಲಬ್ ಮಟ್ಟದ ಪಂದ್ಯಕ್ಕೆ ಆಳುಕಾಳು ಇರುವುದಿಲ್ಲ. ಒಬ್ಬ ಹೊಡೆದಾದ ಮೇಲೆ ಉಳಿದ ಆಟಗಾರರೇ ಹೋಗಿ ಬಿದ್ದ ಗುರಿಯನ್ನು ಎತ್ತಿ ನಿಲ್ಲಿಸಿ, ತೂತಿಗೆ ಕಾಗದ ಅಂಟಿಸಿ ಬರುತ್ತಾರೆ.

ಕೇಳಿದರೆ ಸಿನಿಮಾ ಫೈಟಿಂಗ್ ಇದ್ದ ಹಾಗಿದೆ ಅಂತೀರಿ. ಅದರ ಕಟ್ಟಳೆ ಕೇಳಿ, ಆಗ ಗೊತ್ತಾಗುತ್ತದೆ. ಮೈದಾನಕ್ಕೆ ಬರುವ ಬಂದೂಕು ಖಾಲಿ ಇರಬೇಕು. ಉಸ್ತುವಾರಿಯವನು ಹೇಳುವ ತನಕ ಒಂದು ತೋಟಾ ತುಂಬುವಂತಿಲ್ಲ. ನಳಿಕೆ ಸದಾ ಗುರಿ ಇರುವ ಕಡೆಗೇ ಇರಬೇಕು. ಜನ ನಿಂತ ಕಡೆಗೆ ತಿರುಗಿತೋ, ಆಟ ಮುಗಿಯಿತು. ಓಡುವಾಗ ಬೆರಳು ಟ್ರಿಗರ್ ಮೇಲೆ ಇರಬಾರದು. ಒಂದು ಬಂದೂಕು ಇಟ್ಟು ಇನ್ನೊಂದು ಎತ್ತಿಕೊಳ್ಳುವ ಮೊದಲು ಇಟ್ಟದ್ದು ಖಾಲಿ ಆಗಿರಬೇಕು, ಇಲ್ಲವೇ ಅದರ ಸೇಫ್ಟಿ ಹಾಕಿರಬೇಕು. ಬೇಡದ ಕಡೆ ಗುಂಡು ಹಾರಿತು ಅಂದರೆ ವಾದವಿಲ್ಲ, ಎಚ್ಚರಿಕೆ ಇಲ್ಲ, ಎರಡನೆ ಅವಕಾಶವೂ ಇಲ್ಲ. ಆ ದಿನಕ್ಕೆ ಗಂಟುಮೂಟೆ ಕಟ್ಟಿಕೊಂಡು ಮನೆಗೆ. ಆತ ಕ್ಲಬ್ಬಿನ ಅಧ್ಯಕ್ಷನಾಗಿರಲಿ, ನಿನ್ನೆ ಸೇರಿದ ಹುಡುಗನಾಗಿರಲಿ, ಕಟ್ಟಳೆ ಒಂದೇ.

ಈಗ ಈ ಕಟ್ಟಳೆಗಳನ್ನು ನಮ್ಮ ಕಡೆಯ ಸುದ್ದಿಗಳ ಪಕ್ಕ ಇಟ್ಟು ನೋಡಿ. 'ಬಂದೂಕು ಒರೆಸುವಾಗ ಆಕಸ್ಮಿಕವಾಗಿ ಗುಂಡು ಹಾರಿತು', 'ಹಂದಿ ಎಂದು ತಿಳಿದು ಮನುಷ್ಯನಿಗೆ ಹೊಡೆದರು' ಎಂಬ ಸುದ್ದಿ ರಾಜ್ಯದ ಯಾವುದಾದರೂ ಮೂಲೆಯಿಂದ ಬರುತ್ತಲೇ ಇರುತ್ತದೆ. ಮೊದಲನೆಯದಕ್ಕೆ ಮದ್ದು: ಯಾವ ಬಂದೂಕನ್ನೂ, ಖಾಲಿ ಎಂದು ಯಾರೇ ಆಣೆ ಇಟ್ಟರೂ, ತುಂಬಿದೆ ಎಂದೇ ತಿಳಿಯಬೇಕು. ಎರಡನೆಯದಕ್ಕೆ ಮದ್ದು: ಗುರಿ ಯಾವುದು, ಗುರಿಯ ಹಿಂದೆ ಯಾರಿದ್ದಾರೆ ಎಂದು ಕಣ್ಣಾರೆ ಕಾಣದೆ ಟ್ರಿಗರ್ ಮುಟ್ಟಬಾರದು. ಕ್ಲಬ್ಬಿನ ಹುಡುಗ ಮೊದಲನೆ ದಿನ ಬಾಯಿಪಾಠ ಮಾಡುವ ಪಾಠ ಇದು. ಇದನ್ನು ಹೇಳುವವರಿಲ್ಲದ್ದಕ್ಕೆ ಎಲ್ಲೋ ಒಂದು ಮನೆಯ ದೀಪ ಆರುತ್ತದೆ ಎಂದರೆ ಯಾರ ತಪ್ಪು?

ಅಮೆರಿಕದ ಮಾತು ನಮಗ್ಯಾಕೆ ಎನ್ನುವವರು ಕೊಡಗಿನ ಕಡೆ ನೋಡಲಿ. ಸೆಪ್ಟೆಂಬರ್ ತಿಂಗಳ ಕೈಲ್ ಪೊಳ್ದ್ ಹಬ್ಬದಲ್ಲಿ ಅಲ್ಲಿ ಕೋವಿಗೆ ಪೂಜೆ. ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯ ಊರೂರಲ್ಲಿ ನಡೆಯುತ್ತದೆ. .22 ರೈಫಲ್, ಹನ್ನೆರಡು ಬೋರ್ ತೋಟಾ ಕೋವಿ, ಏರ್‌ಗನ್ ಎಂದು ಬೇರೆ ಬೇರೆ ವಿಭಾಗ ಮಾಡಿ ಪಂದ್ಯ ಇಡುವುದೂ ಉಂಟು. ನಮ್ಮ ರಾಜ್ಯದ ಬಹು-ಬಂದೂಕು ಪಂದ್ಯ ಎಂದರೆ ಅದೇ ಅಂದುಕೊಳ್ಳಿ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. ಕೇಂದ್ರ ಸರ್ಕಾರ ಅದನ್ನು 2029ರ ಅಕ್ಟೋಬರ್ ತನಕ ಮುಂದುವರಿಸಿದೆ. 2021ರಲ್ಲಿ ಹೈಕೋರ್ಟು ಕೂಡ ಅದನ್ನು ಎತ್ತಿಹಿಡಿದಿದೆ. ಮನೆಯಲ್ಲಿ ಕೋವಿ ಇದ್ದರೆ ಹಿರಿಯರ ಕಣ್ಣೆದುರು, ಹತ್ತು ಜನರ ಮುಂದೆ, ಪದ್ಧತಿ ಪ್ರಕಾರ ಹೊರಗೆ ತೆಗೆಯುವ ಒಂದು ರೂಢಿ ಅಲ್ಲಿ ಬೆಳೆದಿದೆ. ನಮ್ಮಲ್ಲಿ ಬಂದೂಕು ಹೊರಗೆ ಬರುವುದು ಕತ್ತಲಾದ ಮೇಲೆ, ಒಂಟಿಯಾಗಿ, ಹೊಲದ ಅಟ್ಟಣೆಯ ಮೇಲೆ.

ಹಾಗಾದರೆ ನಮ್ಮೂರಲ್ಲೂ ಮೂರು ಬಂದೂಕಿನ ಪಂದ್ಯ ಶುರು ಮಾಡೋಣ ಎನ್ನುತ್ತೀರಾ? ಅವಸರ ಬೇಡ. ಕಾನೂನು ಅಡ್ಡ ಇದೆ. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ಬಂದು, ಒಬ್ಬ ಸಾಮಾನ್ಯ ಲೈಸೆನ್ಸುದಾರ ಇಟ್ಟುಕೊಳ್ಳಬಹುದಾದ ಬಂದೂಕು ಮೂರರಿಂದ ಎರಡಕ್ಕೆ ಇಳಿದಿದೆ. ಹೆಸರಾಂತ ಕ್ರೀಡಾಪಟುಗಳಿಗೆ ಬೇರೆ ವಿನಾಯಿತಿ ಉಂಟು, ಆ ಮಾತು ಬೇರೆ. ಇನ್ನು ನಮ್ಮ ತಾಲ್ಲೂಕುಗಳ ಪಾಡು ಇನ್ನೂ ಬಿಗಿ. ಒಂದು ಕಡೆ ಕಾವೇರಿ ವನ್ಯಧಾಮ, ಇನ್ನೊಂದು ಕಡೆ ಮಲೆ ಮಹದೇಶ್ವರ ವನ್ಯಧಾಮ, ಯಳಂದೂರಿನ ಬೆನ್ನಿಗೆ ಬಿಳಿಗಿರಿರಂಗನಬೆಟ್ಟದ ಹುಲಿ ಸಂರಕ್ಷಿತ ಪ್ರದೇಶ. 1972ರ ವನ್ಯಜೀವಿ ಕಾಯ್ದೆಯ 34ನೆ ಕಲಮಿನ ಪ್ರಕಾರ ವನ್ಯಧಾಮದಿಂದ 10 ಕಿಲೋಮೀಟರ್ ಒಳಗೆ ಇರುವ ಲೈಸೆನ್ಸುದಾರ ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಮುಖ್ಯ ವನ್ಯಜೀವಿ ಪರಿಪಾಲಕರ ಒಪ್ಪಿಗೆ ಮೊದಲೇ ಸಿಗದೆ ಆ ವ್ಯಾಪ್ತಿಯಲ್ಲಿ ಹೊಸ ಲೈಸೆನ್ಸ್ ಕೊಡುವಂತಿಲ್ಲ. ಕಾಡಿಗೆ ಹೊಂದಿಕೊಂಡ ಎಷ್ಟೋ ಹಳ್ಳಿಗಳು ಈ ಹತ್ತು ಕಿಲೋಮೀಟರ್ ಲೆಕ್ಕದೊಳಗೇ ಬರುತ್ತವೆ.

ಈ ಬಿಗಿ ತಪ್ಪಲ್ಲ. ಆನೆಯೂ ಹುಲಿಯೂ ಇರುವ ಕಡೆ ಬಂದೂಕು ಅಗ್ಗವಾಗಬಾರದು. ಆದರೆ ಕಾನೂನಿನ ಇನ್ನೊಂದು ಮುಖವನ್ನು ಯಾರೂ ಓದಿ ಹೇಳುತ್ತಿಲ್ಲ. 2016ರ ಶಸ್ತ್ರಾಸ್ತ್ರ ನಿಯಮಗಳಲ್ಲಿ, ಬಂದೂಕನ್ನು ಸುರಕ್ಷಿತವಾಗಿ ಹಿಡಿಯುವ, ಇಡುವ, ಸಾಗಿಸುವ ತರಬೇತಿಯ ಮಾತಿದೆ. ಲೈಸೆನ್ಸ್ ಕೇಳುವವನು ಅದನ್ನು ಪಡೆದಿರಬೇಕು. ಒಳ್ಳೆ ಮಾತು. ಆದರೆ ಪೊನ್ನಾಚಿಯ ರೈತ ಜೋಳದ ಹೊಲ ಬಿಟ್ಟು, ಬಸ್ಸು ಹತ್ತಿ ಕೊಳ್ಳೇಗಾಲಕ್ಕೆ ಬಂದು, 'ಆ ತರಬೇತಿ ಎಲ್ಲಿ ಕೊಡ್ತೀರಿ ಬುದ್ದಿ?' ಎಂದು ಕೇಳಿದರೆ ಯಾವ ಬಾಗಿಲು ತೋರಿಸಬೇಕು? ರಾಜ್ಯದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರ ನಡೆಸುತ್ತ ಬಂದಿದೆ. ಅದು ಜಿಲ್ಲಾ ಕೇಂದ್ರದಲ್ಲಿ ಮುಗಿದುಹೋಗದೆ ಹನೂರಿಗೂ ಬರಲಿ, ಯಳಂದೂರಿಗೂ ಬರಲಿ ಎಂಬುದು ನಮ್ಮ ಮೊದಲನೆ ಒತ್ತಾಯ.

ಎರಡನೆಯದು ಹುಡುಗರ ಮಾತು. ಜಾತ್ರೆಯಲ್ಲಿ ಬಲೂನಿಗೆ ಹೊಡೆಯುವ ಅಂಗಡಿ ಮುಂದೆ ನಿಂತು ನೋಡಿ. ಹತ್ತಕ್ಕೆ ಹತ್ತು ಒಡೆದು ಎದೆ ಉಬ್ಬಿಸಿ ಹೋಗುವ ಹುಡುಗರು, ಹುಡುಗಿಯರು ಎಷ್ಟು ಬೇಕು! ಆ ಕಣ್ಣು, ಆ ಕೈ ಜಾತ್ರೆ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು? ಒಲಿಂಪಿಕ್ಸ್‌ನಲ್ಲಿರುವ ಏರ್ ರೈಫಲ್ ಪಂದ್ಯಕ್ಕೆ ಬೇಕಾದ ದೂರ ಬರೀ 10 ಮೀಟರ್. ಗುಂಡು ನಾಲ್ಕೂವರೆ ಮಿಲಿಮೀಟರ್. ಗುರಿಯ ನಟ್ಟನಡುವಿನ ಚುಕ್ಕೆ ಅರ್ಧ ಮಿಲಿಮೀಟರ್, ಅಂದರೆ ಪೆನ್ನಿನ ಮೊನೆಯಷ್ಟು. 2008ರಲ್ಲಿ ಅಭಿನವ್ ಬಿಂದ್ರಾ ಬೀಜಿಂಗ್‌ನಲ್ಲಿ ಚಿನ್ನ ತಂದದ್ದು ಇದೇ ಪಂದ್ಯದಲ್ಲಿ. 2024ರ ಪ್ಯಾರಿಸ್‌ನಲ್ಲಿ 50 ಮೀಟರ್ ರೈಫಲ್‌ನಲ್ಲಿ ಕಂಚು ಗೆದ್ದ ಸ್ವಪ್ನಿಲ್ ಕುಸಾಳೆ ಕೊಲ್ಹಾಪುರ ಕಡೆಯ ಹಳ್ಳಿಯವರು, ರೈಲ್ವೆಯಲ್ಲಿ ಟಿಕೆಟ್ ತಪಾಸಣೆಯ ಕೆಲಸದಲ್ಲಿದ್ದವರು. ದೊಡ್ಡ ಊರಿನ ಶ್ರೀಮಂತರಿಗೆ ಮಾತ್ರ ಈ ಆಟ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

20 ಜೂಲ್ ಶಕ್ತಿ ಮೀರದ, .177 ಅಂಗುಲದ ಏರ್ ರೈಫಲ್‌ಗೆ ಲೈಸೆನ್ಸ್ ಬೇಕಿಲ್ಲ. ಕೊಳ್ಳೇಗಾಲದಲ್ಲಿ ಬಾಗಿಲು ಹಾಕಿಕೊಂಡು ಬಿದ್ದಿರುವ ಒಂದು ಉದ್ದನೆ ಗೋಡೌನು, ಹಿಂದೆ ಗಟ್ಟಿ ಗೋಡೆ, ಒಂದು ಕಬ್ಬಿಣದ ತಗಡು, ನಾಲ್ಕು ರೈಫಲ್ಲು, ಒಬ್ಬ ಅನುಭವಿ ನಿವೃತ್ತ ಪೊಲೀಸೋ ಸೈನಿಕರೋ ಇದ್ದರೆ ಶುರುವಿಗೆ ಅಷ್ಟು ಸಾಕು. ರೈಫಲ್ ಹುಡುಗರ ಮನೆಗೆ ಹೋಗಬಾರದು. ಕ್ಲಬ್ಬಿನ ಬೀರುವಿನಲ್ಲಿ ಬೀಗ ಹಾಕಿ ಇಡಬೇಕು, ಪುಸ್ತಕದಲ್ಲಿ ಬರೆದು ಕೊಡಬೇಕು, ಬರೆದು ತೆಗೆದುಕೊಳ್ಳಬೇಕು. ಅಂಗಡಿಯವರಿಗೆ ಈ ಲೆಕ್ಕ ಹೇಳಿಕೊಡಬೇಕಿಲ್ಲ. ಸಂಜೆ ಗಲ್ಲಾ ಲೆಕ್ಕ ಸೇರಿದ ಮೇಲೇ ಬಾಗಿಲು ಹಾಕುವವರಲ್ಲವೇ ನಾವು!

ವಿರೋಧದ ಮಾತೂ ಬರುತ್ತದೆ. 'ಏನ್ ಸಾಮಿ, ಇರೋ ಬಂದೂಕೇ ಸಾಲ್ದಾ? ಐಕಳ ಕೈಗೂ ಕೊಟ್ಬುಟ್ಟು ಹಕ್ಕಿಪಕ್ಕಿ ಹೊಡೆಸ್ತೀರಾ?' ಎಂದು ಕೇಳುವವರಿದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಲೈಸೆನ್ಸ್ ಬೇಡ ಎಂದರೆ ಕಾಡುಪ್ರಾಣಿಗೆ ಹೊಡೆಯಬಹುದು ಎಂದು ಅರ್ಥವಲ್ಲ. ಬೆಳೆ ತಿನ್ನುವ ಹಂದಿಯನ್ನೂ ಇಲಾಖೆಯ ಅಪ್ಪಣೆ ಇಲ್ಲದೆ ಕೊಲ್ಲುವುದು ಅಪರಾಧ. ಬಂದೂಕು ಹಿಡಿದು ವನ್ಯಧಾಮದೊಳಗೆ ಅಪ್ಪಣೆ ಇಲ್ಲದೆ ಕಾಲಿಡುವುದೂ ಅಪರಾಧ. ಈ ಮಾತನ್ನು ಹುಡುಗರಿಗೆ ಮೊದಲನೆ ದಿನವೇ ಕಿವಿಗೆ ಹಾಕಲು ಕ್ಲಬ್ಬಿಗಿಂತ ಒಳ್ಳೆ ಜಾಗ ಇನ್ನೊಂದಿಲ್ಲ. ಹಕ್ಕಿಗೆ ಗುರಿ ಇಟ್ಟವನ ಹೆಸರು ಪುಸ್ತಕದಿಂದ ಹೊಡೆದುಹಾಕಿ, ಇಲಾಖೆಗೂ ತಿಳಿಸಲಿ.

ನಮಗಿರುವ ನಿಜವಾದ ಭಯ ಬೇರೆ. ನಮ್ಮೂರುಗಳಲ್ಲಿ ಕ್ಲಬ್ಬು ಎಂದರೆ ಏನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಬೋರ್ಡು ಏಳುತ್ತದೆ, ಟೇಪು ಕತ್ತರಿಸುತ್ತಾರೆ, ಮುಖಂಡರ ಮಗ ಕಾರ್ಯದರ್ಶಿ ಆಗುತ್ತಾನೆ, ಕಟ್ಟಳೆ ಬಡವರ ಮಕ್ಕಳಿಗೆ ಮಾತ್ರ ಉಳಿಯುತ್ತದೆ. ಇಸ್ಪೀಟು ಕ್ಲಬ್ಬಿನಲ್ಲಿ ಹೀಗಾದರೆ ಹೋಗುವುದು ದುಡ್ಡು. ಬಂದೂಕಿನ ಕ್ಲಬ್ಬಿನಲ್ಲಿ ಹೀಗಾದರೆ ಹೋಗುವುದು ಪ್ರಾಣ. ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಗಾಳಿಯಲ್ಲಿ ಗುಂಡು ಹಾರಿಸಿ ಜನರ ಜೀವಕ್ಕೆ ಸಂಚಕಾರ ತರುವವರಿಗೆ 2019ರ ತಿದ್ದುಪಡಿ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ, ಅಥವಾ ಎರಡನ್ನೂ ಇಟ್ಟಿದೆ. ದೊಡ್ಡವರ ಮನೆ ಮೆರವಣಿಗೆಯಲ್ಲಿ ಆ ಕಲಮನ್ನು ಓದಿ ಹೇಳುವ ಧೈರ್ಯ ಇರುವವರು ಮಾತ್ರ ಕ್ಲಬ್ಬು ಕಟ್ಟಲಿ. ಇಲ್ಲದಿದ್ದರೆ ಗೋಡೌನಿನ ಬಾಗಿಲು ಹಾಕಿದಂತೆಯೇ ಇರಲಿ.

ಯುವಜನ ಸಬಲೀಕರಣ ಮತ್ತು ಕ್ರೀಡಾ ಇಲಾಖೆ, ಪೊಲೀಸ್, ಅರಣ್ಯ ಈ ಮೂರೂ ಇಲಾಖೆಯವರು ಒಂದೇ ಮೇಜಿನ ಸುತ್ತ ಕೂರಲಿ. ಮೂರು ತಾಲ್ಲೂಕಿನ ಲೈಸೆನ್ಸುದಾರರಿಗೆ ವರ್ಷಕ್ಕೊಮ್ಮೆ ಒಂದು ದಿನದ ಪಾಠ ಇಡಲಿ. ಶಾಲಾ ಕಾಲೇಜು ಮಕ್ಕಳಿಗೆ ಕೊಳ್ಳೇಗಾಲದಲ್ಲಿ ಒಂದು ಏರ್ ರೈಫಲ್ ಕೋಣೆ ತೆರೆಯಲಿ. ಹನೂರು, ಯಳಂದೂರಿನ ಮಕ್ಕಳು ಕೊನೆ ಬಸ್ಸಿಗೆ ಮೊದಲು ಮನೆ ಸೇರುವಂತೆ ಹೊತ್ತು ಗೊತ್ತು ಮಾಡಲಿ. ಕಟ್ಟಳೆಗಳನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆಸಿ ಬಾಗಿಲಿಗೆ ತೂಗುಹಾಕಲಿ. ಕಟ್ಟಳೆ ಮುರಿದು ಮೊದಲು ಹೊರಗೆ ಹೋಗುವವನು ಯಾರ ಮಗ ಎಂಬುದನ್ನು ನೋಡಿ, ಆ ಕ್ಲಬ್ಬು ಉಳಿಯುತ್ತದೋ ಇಲ್ಲವೋ ಎಂದು ಜನ ತೀರ್ಮಾನಿಸುತ್ತಾರೆ. ಸಂಬಂಧಪಟ್ಟವರು ಗಮನಿಸುವರೇ?