ಮೂರು ಸಾವಿರದಲ್ಲಿ ಮಂಗಳೂರಲ್ಲಿ ಬದುಕಿ ತೋರಿಸಿ

ನಮ್ಮ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮಕ್ಕಳು ಯಾರಾದರೂ ಸಿ.ಎ. ಇಂಟರ್‌ಮೀಡಿಯೆಟ್ ಪಾಸಾದರೆ ಊರಿಗೇ ಸಂಭ್ರಮ. ಶಾಲು ಹೊದಿಸುತ್ತೇವೆ, ಫಲಕ ಕೊಡುತ್ತೇವೆ, ಫೋಟೋ ತೆಗೆಯುತ್ತೇವೆ. ಆಮೇಲೆ ಆ ಮಗು ಎಲ್ಲಿ ಉಳಿಯುತ್ತದೆ, ಎಂತ ಉಣ್ಣುತ್ತದೆ ಎಂದು ಕೇಳುವವರಿಲ್ಲ.

ಆಮೇಲೆ ಇರುವುದು ಆರ್ಟಿಕಲ್‌ಶಿಪ್. ಆಡಿಟರ ಕಚೇರಿಯಲ್ಲಿ ಎರಡು ವರ್ಷ ದುಡಿಯುತ್ತ ಕಲಿಯಬೇಕು. 2023ರ ಬದಲಾವಣೆಗೆ ಮೊದಲು ಮೂರು ವರ್ಷ ಇತ್ತು. ಸಿ.ಎ. ಸಂಸ್ಥೆ ನಿಗದಿ ಮಾಡಿದ ಕನಿಷ್ಠ ಸ್ಟೈಪೆಂಡ್, 4 ಲಕ್ಷಕ್ಕಿಂತ ಹೆಚ್ಚು, 20 ಲಕ್ಷಕ್ಕಿಂತ ಕಡಿಮೆ ಜನಸಂಖ್ಯೆಯ ಊರಿನಲ್ಲಿ, ಮೊದಲ ವರ್ಷ ತಿಂಗಳಿಗೆ 3,000 ರೂಪಾಯಿ. ಮಂಗಳೂರು ಇದೇ ಸಾಲಿನದ್ದು. ಅದಕ್ಕಿಂತ ಸಣ್ಣ ಊರಾದರೆ 2,000. ಇದು ಇಮ್ಮಡಿ ಮಾಡಿದ ಮೇಲಿನ ಲೆಕ್ಕ ಮಾರಾಯ್ರೆ! ನಮ್ಮ ತೋಟದ ಕೆಲಸಕ್ಕೆ ಬರುವವರು ಒಂದು ವಾರದೊಳಗೆ ಇದಕ್ಕಿಂತ ಹೆಚ್ಚು ದುಡಿಯುತ್ತಾರೆ. ದುಡಿಯಲಿ, ಅದು ನ್ಯಾಯವೇ. ಈ ಮಕ್ಕಳಾದರೋ ಅನುಮತಿ ಇಲ್ಲದೆ ಬೇರೆ ಉದ್ಯೋಗ ಮಾಡುವ ಹಾಗೂ ಇಲ್ಲ.

ಕೇಳಿದರೆ ದೊಡ್ಡವರದ್ದು ಒಂದು ಉತ್ತರ ಯಾವಾಗಲೂ ತಯಾರು: "ಕಲಿಯುವವನಿಗೆ ಸಂಬಳ ಯಾಕೆ? ಗುರುಕುಲದಲ್ಲಿ ಸಂಬಳ ಇತ್ತಾ?" ಇರಲಿಲ್ಲ. ಆದರೆ ಗುರುವಿನ ಮನೆಯಲ್ಲಿ ಊಟ ಇತ್ತು, ಮಲಗಲು ಜಾಗ ಇತ್ತು. ಶಿಷ್ಯ ಮಾಡಿದ ಕೆಲಸಕ್ಕೆ ಗುರು ಇನ್ನೊಬ್ಬರಿಗೆ ಬಿಲ್ಲು ಕಳಿಸುತ್ತಿರಲಿಲ್ಲ.

ಕಲಿಕೆ ಸುಳ್ಳು ಎಂದು ನಾನು ಹೇಳುವುದಿಲ್ಲ. ಅಡಿಕೆ ಮಂಡಿಯ ಪುಸ್ತಕದಲ್ಲಿ 200 ಚೀಲ ದಾಸ್ತಾನು ಅಂತ ಇದ್ದು, ಗೋದಾಮಿಗೆ ಹೋಗಿ ಎಣಿಸಿದರೆ 170 ಸಿಕ್ಕಿತು ಅನ್ನಿ. ಉಳಿದ 30 ಎಲ್ಲಿ? ಬಿಲ್ಲು ಬರೆಯದೆ ಮಾರಿದ್ದೋ, ಬ್ಯಾಂಕಿನ ಸಾಲಕ್ಕಾಗಿ ಇಲ್ಲದ್ದನ್ನು ತೋರಿಸಿದ್ದೋ, ಬರೀ ಬರೆದವನ ಕೈತಪ್ಪೋ? ಈ ಸಂಶಯಪಡುವ ವಿದ್ಯೆ ಯಾವ ಪುಸ್ತಕದಿಂದಲೂ ಬರುವುದಿಲ್ಲ, ಗೋದಾಮಿನ ಧೂಳಿನಲ್ಲೇ ಬರಬೇಕು. ಆದರೆ ಎಷ್ಟು ಮಕ್ಕಳನ್ನು ಗೋದಾಮಿಗೆ ಕರೆದುಕೊಂಡು ಹೋಗುತ್ತಾರೆ? ತಿಂಗಳ 11ಕ್ಕೆ ಒಂದು ಜಿ.ಎಸ್.ಟಿ. ರಿಟರ್ನ್, 20ಕ್ಕೆ ಇನ್ನೊಂದು, ಜುಲೈ ಬಂದರೆ ಆದಾಯ ತೆರಿಗೆಯದ್ದು. ವರ್ಷವಿಡೀ ಅದನ್ನೇ ತುಂಬಿಸಿದವರು ಬೇಕಾದಷ್ಟು ಮಂದಿ. ಅದು ಗುಮಾಸ್ತರ ಕೆಲಸ. ಅದಕ್ಕೆ ಗುಮಾಸ್ತರ ಸಂಬಳ ಕೊಡಿ.

ಇನ್ನು ಭಾಷೆ. ಪರೀಕ್ಷೆ ಇಂಗ್ಲಿಷಿನಲ್ಲಿ, ಇಲ್ಲದಿದ್ದರೆ ಹಿಂದಿಯಲ್ಲಿ. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ನಮ್ಮ ಮಗು ಹಗಲು ಕಚೇರಿಯಲ್ಲಿ ದುಡಿದು, ರಾತ್ರಿ ಆ ಇಂಗ್ಲಿಷಿನ ಜೊತೆ ಗುದ್ದಾಡಬೇಕು. ಮಂಗಳೂರಲ್ಲೇ ಮನೆ ಇದ್ದವರಿಗೆ ಅಮ್ಮನ ಅಡಿಗೆ ಉಂಟು. ನಮ್ಮವರಿಗೆ ಪಿ.ಜಿ. ಬಾಡಿಗೆ, ಇಲ್ಲವೆ ದಿನಾ ತಲಪಾಡಿ ದಾಟುವ ಬಸ್ಸು. ಹೀಗೆ ನಡುವೆ ಬಿಟ್ಟು ಬಂದರೆ "ತಲೆ ಸಾಲಲಿಲ್ಲ" ಎಂದು ನಾವೇ ಷರಾ ಬರೆಯುತ್ತೇವೆ! ಸಾಲದೆ ಹೋದದ್ದು ತಲೆಯಲ್ಲ, ದುಡ್ಡು.

ಕನಿಷ್ಠ ಅಂದರೆ ಅಷ್ಟೇ ಕೊಡಬೇಕು ಎಂದಲ್ಲ. ಹೆಚ್ಚು ಕೊಡಲು ಯಾವ ನಿಯಮವೂ ಅಡ್ಡ ಬರುವುದಿಲ್ಲ, ಕೊಡುವವರೂ ಇದ್ದಾರೆ. ಮಾಸ್ತರರೇ, ಟೀಚರರೇ, ಕರಾರಿಗೆ ಸಹಿ ಹಾಕುವ ಮೊದಲು ಆ ಮಗುವಿನ ಜೊತೆ ನೀವೊಬ್ಬರು ಹೋಗಿ: ಎಷ್ಟು ಕೊಡುತ್ತೀರಿ, ಆಡಿಟಿಗೆ ಹೊರಗೆ ಕರೆದೊಯ್ಯುತ್ತೀರಾ ಎಂದು ಎದುರೇ ಕೇಳಿ. ಸನ್ಮಾನ ಮಾಡುವ ಸಂಘಗಳು ಶಾಲು, ಫಲಕದ ಖರ್ಚನ್ನು ಪಿ.ಜಿ. ಬಾಡಿಗೆಗೆ ಕೊಡಲಿ. ಮಂಗಳೂರಿನ ಆಡಿಟರಿಗೆ ವರ್ಷಾ ವರ್ಷಾ ಫೀಸು ಕಟ್ಟುವ ನಮ್ಮೂರ ವ್ಯಾಪಾರಿಗಳು, ಈ ಸಲ ಕಟ್ಟುವಾಗ ಒಂದು ಮಾತು ಕೇಳಲಿ: "ನಮ್ಮ ಪುಸ್ತಕ ನೋಡಿದ ಆ ಹುಡುಗನಿಗೆ ಇದರಲ್ಲಿ ಎಷ್ಟು ಹೋಯಿತು?"